443ರ ಬಾಗಿಲು ಕಾಯುವವಳಿಗೆ

ಪುಟ್ಟೀ,

ನೀನು ಕೇಳಿದ್ದು ಸಣ್ಣ ಪ್ರಶ್ನೆ. ಗ್ರಾಹಕ ಕಂಪನಿಯ ಫೈರ್‌ವಾಲ್ ಹೊರಗೆ ಹೋಗಲು 443ನೇ ಪೋರ್ಟ್ ಒಂದನ್ನೇ ಬಿಟ್ಟಿದೆ, ವೆಬ್, ಎಸ್‌ಎಸ್‌ಎಚ್, ವಿಪಿಎನ್ ಮೂರೂ ಅದರಲ್ಲೇ ಹೋಗಬೇಕು, ಆಗುತ್ತದಾ ದೊಡ್ಡಪ್ಪಾ? ಆಗುತ್ತದೆ. ಫೋನಿನಲ್ಲೇ ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಆಗುತ್ತದೆ ಅಂದ ಕೂಡಲೇ ನೀನು ರಾತ್ರಿಯೇ ಕೂತು ಮಾಡಿ ಮುಗಿಸುವವಳು. ಮಾಡಿದ ಮೇಲೆ ಏನೇನು ತಲೆಗೆ ಕಟ್ಟಿಕೊಳ್ಳುತ್ತದೆ ಅನ್ನುವುದನ್ನು ನೀನು ಓದುವ ಯಾವ ಕೈಪಿಡಿಯೂ ಹೇಳುವುದಿಲ್ಲ. ಹಾಗಾಗಿ ಉದ್ದಕ್ಕೆ ಬರೆಯುತ್ತಿದ್ದೇನೆ. ನಿನ್ನ ವಾರಿಗೆಯ ಹುಡುಗ ಹುಡುಗಿಯರಿಗೂ ಓದಲು ಕೊಡು. ಹಳದಿ ಎಲೆ ರೋಗ ಬಂದ ಮೇಲೆ ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ಕಡೆ ಅಡಿಕೆಯೊಂದನ್ನೇ ನಂಬಿ ಕೂರುವ ಧೈರ್ಯ ಹೋಗಿದೆ. ತೋಟದ ಮನೆಯ ಜಗಲಿಯಲ್ಲಿ ಲ್ಯಾಪ್‌ಟಾಪ್ ಬಿಡಿಸಿ ಕೂತವರು ಈಗ ಕೇರಿಗೊಬ್ಬರಾದರೂ ಸಿಗುತ್ತಾರೆ, ಅವರಿಗೂ ಇದೇ ತಾಪತ್ರಯ ಇದ್ದೇ ಇರುತ್ತದೆ.

ಮೊದಲು ಒಂದು ಭ್ರಮೆ ಬಿಡು. ಪೋರ್ಟ್ ಎನ್ನುವುದು ಗೋಡೆಯಲ್ಲಿನ ತೂತಲ್ಲ, ಬರೀ ಸಂಖ್ಯೆ. ಟಿಸಿಪಿ ಪ್ಯಾಕೆಟ್ಟಿನ ತಲೆಯಲ್ಲಿ ಅದಕ್ಕೆಂದು 16 ಬಿಟ್ ಜಾಗ ಇದೆ, ಆದ್ದರಿಂದ 65,535ರವರೆಗೆ ಲೆಕ್ಕ. 25 ಅಂಚೆಗೆ, 53 ಹೆಸರು ಹುಡುಕಲು, 80 ವೆಬ್ಬಿಗೆ, 443 ಗುಪ್ತಗೊಳಿಸಿದ ವೆಬ್ಬಿಗೆ ಅಂತ ಹಂಚಿಕೊಂಡದ್ದು ಒಪ್ಪಂದವೇ ಹೊರತು ನಿಸರ್ಗ ನಿಯಮವಲ್ಲ. ಫಿನ್‌ಲೆಂಡಿನ ತಾತು ಯ್ಲೋನೆನ್ 1995ರಲ್ಲಿ ಎಸ್‌ಎಸ್‌ಎಚ್ ಬರೆದಾಗ 21ರ ಎಫ್‌ಟಿಪಿಗೂ 23ರ ಟೆಲ್ನೆಟ್ಟಿಗೂ ನಡುವೆ 22 ಖಾಲಿ ಇರುವುದನ್ನು ನೋಡಿ, ಅದು ನನಗೆ ಕೊಡಿ ಎಂದು ಸಂಖ್ಯೆ ಹಂಚುವವರಿಗೆ ಒಂದು ಮೇಲ್ ಬರೆದರು. ಮರುದಿನವೇ ಕೊಟ್ಟರು. ಅಷ್ಟು ಸರಳವಾಗಿತ್ತು ಆ ಕಾಲ. 443ರಲ್ಲಿ ಎಸ್‌ಎಸ್‌ಎಚ್ ಕೂರಿಸಿದರೆ ಯಾವ ಯಂತ್ರವೂ ಸಿಟ್ಟಾಗುವುದಿಲ್ಲ.

ಹಾಗಿದ್ದರೆ ಎಲ್ಲರೂ 443ಕ್ಕೇ ಬಂದು ಮುತ್ತಿಕೊಂಡದ್ದು ಯಾಕೆ? ನಾನು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಕಾಲಕ್ಕೆ, ಅಂದರೆ ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟ ಆಚೀಚೆ, ಒಳಗಿನಿಂದ ಹೊರಗೆ ಹೋಗುವುದನ್ನು ತಡೆಯಬೇಕು ಅಂತ ಬಹಳ ಜನ ಯೋಚಿಸಿರಲಿಲ್ಲ. ಕಣ್ಣು ತೆರೆಸಿದ್ದು 2003. ಆ ವರ್ಷ ಜನವರಿ 25ರಂದು ಸ್ಲ್ಯಾಮರ್ ಎಂಬ ಹುಳ ಯುಡಿಪಿ 1434ರಲ್ಲಿ ನುಗ್ಗಿತು. ಇಡೀ ಹುಳದ ಉದ್ದ 376 ಬೈಟು; ನಿನ್ನ ಸಹಿ ಇರುವ ಮೇಲ್ ಅದಕ್ಕಿಂತ ದೊಡ್ಡದು. ಅದನ್ನು ತಡೆಯುವ ತೇಪೆ ಆರು ತಿಂಗಳ ಮೊದಲೇ ಬಂದಿತ್ತು, ಹಾಕಿಕೊಂಡವರು ಕಡಿಮೆ. ಆಗಸ್ಟಿನಲ್ಲಿ ಬ್ಲಾಸ್ಟರ್ 135ರಲ್ಲಿ ಬಂತು. ಆಮೇಲೆ ಫೈರ್‌ವಾಲ್ ನೋಡಿಕೊಳ್ಳುವವರ ಧೋರಣೆಯೇ ತಿರುಗಿತು. ಎಲ್ಲ ಮುಚ್ಚು, ಬೇಕೆಂದು ಅರ್ಜಿ ಕೊಟ್ಟವರಿಗೆ ಮಾತ್ರ ತೆರೆ. ಬ್ಯಾಂಕು, ಆಸ್ಪತ್ರೆ, ಸರ್ಕಾರಿ ಕಚೇರಿ ಎಲ್ಲೆಡೆ ಮುಚ್ಚದೆ ಉಳಿದದ್ದು ವೆಬ್ ಮಾತ್ರ, ಯಾಕೆಂದರೆ ಅದನ್ನು ಮುಚ್ಚಿದರೆ ಮೇಲಿನ ಸಾಹೇಬರಿಗೆ ಪೇಪರ್ ಓದಲು ಆಗುವುದಿಲ್ಲ.

ಇದು ಹೀಗಾಗುತ್ತದೆ ಎಂದು ಮೊದಲೇ ನಕ್ಕವರಿದ್ದಾರೆ. 2001ರ ಏಪ್ರಿಲ್ 1ರ ಆರ್‌ಎಫ್‌ಸಿ 3093 ತೆಗೆದು ಓದು. ಎಂಥ ಪ್ಯಾಕೆಟ್ಟನ್ನಾದರೂ ಎಚ್‌ಟಿಟಿಪಿ ಒಳಗೆ ತುರುಕಿ ಫೈರ್‌ವಾಲ್ ದಾಟಿಸುವ ಪ್ರೋಟೊಕಾಲ್ ಒಂದನ್ನು ಗಂಭೀರ ಮುಖ ಮಾಡಿಕೊಂಡು ವಿವರಿಸಿದ್ದಾರೆ. ಮೂರ್ಖರ ದಿನದ ತಮಾಷೆ ಅದು. 2018ರ ಅಕ್ಟೋಬರಿನಲ್ಲಿ ಬಂದ ಆರ್‌ಎಫ್‌ಸಿ 8484 ಡಿಎನ್‌ಎಸ್ ಪ್ರಶ್ನೆಗಳನ್ನು ಎಚ್‌ಟಿಟಿಪಿಎಸ್ ಒಳಗೆ ಕಳಿಸುವ ಕ್ರಮ ಹೇಳಿತು, ಅದು ತಮಾಷೆ ಅಲ್ಲ. ಇವತ್ತು ಬ್ರೌಸರುಗಳು ಅದನ್ನು ಬಳಸುತ್ತಿವೆ. 53ನ್ನು ಕಾಯುತ್ತಾ ಕೂತ ಫೈರ್‌ವಾಲ್ ಮುಂದೆಯೇ ಹೆಸರು ಹುಡುಕುವ ಕೆಲಸ 443ರಲ್ಲಿ ನಡೆದುಹೋಗುತ್ತಿದೆ.

ಈಗ ನಿನ್ನ ಕೆಲಸ. ಒಂದೇ ಪೋರ್ಟಿಗೆ ಬಂದವರನ್ನು ಬೇರೆ ಬೇರೆ ಸೇವೆಗೆ ಕಳಿಸುವುದು ಹೇಗೆ? ನಮ್ಮ ಊರಿನವಳಿಗೆ ಇದನ್ನು ವಿವರಿಸುವುದು ಸುಲಭ. ನಮ್ಮ ಕಿಗ್ಗದ ಋಷ್ಯಶೃಂಗೇಶ್ವರ ದೇವಸ್ಥಾನಕ್ಕೆ ಮಳೆ ಬರಲಿ ಎಂದು ಬೇಡುವವರೂ ಬರುತ್ತಾರೆ, ಸಾಕಪ್ಪಾ ನಿಲ್ಲಲಿ ಎಂದು ಬೇಡುವವರೂ ಬರುತ್ತಾರೆ. ಬಾಗಿಲು ಒಂದೇ, ದೇವರು ಒಬ್ಬನೇ. ಬಂದವರು ಬಾಯಿಬಿಟ್ಟು ಹೇಳಿದ ಮೊದಲ ಮಾತಿನ ಮೇಲೆ ಸಂಕಲ್ಪ ಬದಲಾಗುತ್ತದೆ. ಎಸ್‌ಎಸ್‌ಎಲ್‌ಎಚ್ ಎಂಬ ಪುಟ್ಟ ತಂತ್ರಾಂಶ ಮಾಡುವುದು ಇಷ್ಟೇ. 443ರಲ್ಲಿ ತಾನು ಕೂರುತ್ತದೆ, ಬಂದವರ ಮೊದಲ ಕೆಲವು ಬೈಟು ಕೇಳಿಸಿಕೊಳ್ಳುತ್ತದೆ, ಆಮೇಲೆ ಆ ಸಂಪರ್ಕವನ್ನು ಹಾಗೇ ಒಳಗಿನ ಸರಿಯಾದ ಸೇವೆಗೆ ದಾಟಿಸುತ್ತದೆ. ತಾನು ಏನನ್ನೂ ಬಿಚ್ಚುವುದಿಲ್ಲ, ಬೀಗದ ಕೈ ಅದರ ಹತ್ತಿರ ಇಲ್ಲ.

ಆ ಮೊದಲ ಬೈಟುಗಳನ್ನು ನೀನೇ ಕಣ್ಣಾರೆ ನೋಡಬೇಕು. ವೈರ್‌ಶಾರ್ಕ್ ತೆರೆದು ಬ್ರೌಸರಿನಿಂದ ಯಾವುದಾದರೂ ಎಚ್‌ಟಿಟಿಪಿಎಸ್ ತಾಣಕ್ಕೆ ಹೋಗು. ಕ್ಲೈಂಟ್ ಕಳಿಸುವ ಮೊದಲ ಮಾತು 16 03 01 ಎಂದು ಶುರುವಾಗುತ್ತದೆ. 16 ಅಂದರೆ ಕೈಕುಲುಕುವ ಸಂದೇಶ, 03 01 ಆವೃತ್ತಿಯ ಗುರುತು. ಬೀಗವಿಲ್ಲದ ಹಳೆಯ ವೆಬ್ಬಿನದಾದರೆ 47 45 54, ಅಂದರೆ ಇಂಗ್ಲಿಷಿನ ಜಿ, ಇ, ಟಿ. ಎಸ್‌ಎಸ್‌ಎಚ್ ಆದರೆ 53 53 48, ತನ್ನ ಹೆಸರನ್ನೇ ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುತ್ತದೆ. ಟಿಸಿಪಿ ಮೇಲಿನ ಓಪನ್‌ವಿಪಿಎನ್ ಮೊದಲ ಎರಡು ಬೈಟಿನಲ್ಲಿ ಮುಂದಿನ ಪ್ಯಾಕೆಟ್ಟಿನ ಉದ್ದ ಹೇಳುತ್ತದೆ. ವಿಂಡೋಸಿನ ರಿಮೋಟ್ ಡೆಸ್ಕ್‌ಟಾಪ್ 03 00 ಅನ್ನುತ್ತದೆ. ಒಂದು ಕಾಕತಾಳೀಯ ಗಮನಿಸು: ಟಿಎಲ್‌ಎಸ್‌ನ ಆ 16 ಹದಿನಾರರ ಲೆಕ್ಕದ್ದು, ನಮ್ಮ ದಶಮಾನಕ್ಕೆ ತಂದರೆ 22. ಎಸ್‌ಎಸ್‌ಎಚ್‌ನ ಪೋರ್ಟ್ ಸಂಖ್ಯೆಯೂ 22. ಸಂದರ್ಶನದಲ್ಲಿ ಕೂತಾಗ ಇದನ್ನು ಕೇಳಿ ಎಷ್ಟೋ ಹುಡುಗರನ್ನು ತಬ್ಬಿಬ್ಬು ಮಾಡಿದ್ದೇನೆ, ಅದು ಬೇರೆ ಮಾತು.

ಮಾತಾಡುವವರದ್ದು ಸುಲಭ. ಮಾತಾಡದೆ ನಿಲ್ಲುವವರದ್ದೇ ಕಷ್ಟ. ಕೆಲವು ಹಳೆಯ ಎಸ್‌ಎಸ್‌ಎಚ್ ಕ್ಲೈಂಟುಗಳು ಸರ್ವರ್ ಮೊದಲು ಮಾತಾಡಲಿ ಎಂದು ಕಾಯುತ್ತವೆ. ಅಂಥವರಿಗಾಗಿ ಎಸ್‌ಎಸ್‌ಎಲ್‌ಎಚ್ ಒಂದು ಕಾಲಮಿತಿ ಇಟ್ಟುಕೊಂಡಿದೆ. ಅಷ್ಟರೊಳಗೆ ಬಾಯಿ ಬಿಡದಿದ್ದರೆ ಇದು ಎಸ್‌ಎಸ್‌ಎಚ್ ಇರಬೇಕು ಎಂದು ಊಹಿಸಿ ಒಳಗೆ ಕಳಿಸುತ್ತದೆ. ಲಾಗಿನ್ ಆಗಲು ಪ್ರತಿ ಸಲವೂ ಕೆಲವು ಸೆಕೆಂಡು ತಡವಾದರೆ ನೆಟ್‌ವರ್ಕನ್ನು ಬೈಯಬೇಡ, ಈ ಮಿತಿ ನೋಡು. ಇನ್ನು ಅಂಚೆಯ ಎಸ್‌ಎಂಟಿಪಿ, ಎಫ್‌ಟಿಪಿ, ಮೈಎಸ್‌ಕ್ಯೂಎಲ್ ಇವುಗಳಲ್ಲಿ ಮೊದಲ ಮಾತು ಯಾವಾಗಲೂ ಸರ್ವರಿನದೇ. ಕ್ಲೈಂಟ್ ಬಾಗಿಲಿಗೆ ಬಂದು ಸುಮ್ಮನೆ ನಿಲ್ಲುತ್ತದೆ. ಮೂರು ಮೌನಿಗಳು ಒಟ್ಟಿಗೆ ನಿಂತರೆ ಯಾರು ಯಾರೆಂದು ಬ್ರಹ್ಮನಿಗೂ ಗೊತ್ತಾಗುವುದಿಲ್ಲ. ಹಾಗಾಗಿ ಮೊದಲ ಬೈಟು ನೋಡಿ ಎಲ್ಲವನ್ನೂ ವಿಂಗಡಿಸುತ್ತೇನೆ ಅಂತ ಹೊರಡಬೇಡ. ಮೌನಿ ಒಬ್ಬನಿಗೆ ಮಾತ್ರ ಜಾಗ.

ಊಹಿಸುವುದಕ್ಕಿಂತ ಹೆಸರು ಹೇಳಿಸುವುದು ಮೇಲು. ಇದು ಹೊಸ ವಿಚಾರವೂ ಅಲ್ಲ. 1988ರ ನವೆಂಬರಿನಲ್ಲಿ ಮಾರ್ಕ್ ಲಾಟರ್ ಬರೆದ ಆರ್‌ಎಫ್‌ಸಿ 1078 ಇದೆ. ಎಲ್ಲರೂ 1ನೇ ಪೋರ್ಟಿಗೆ ಬನ್ನಿ, ಬೇಕಾದ ಸೇವೆಯ ಹೆಸರನ್ನು ಒಂದು ಸಾಲಿನಲ್ಲಿ ಹೇಳಿ. ಇದ್ದರೆ ಸರ್ವರ್ ಕೂಡಿಸುವ ಚಿಹ್ನೆ ಕಳಿಸುತ್ತದೆ, ಇಲ್ಲದಿದ್ದರೆ ಕಳೆಯುವ ಚಿಹ್ನೆ. ಎರಡು ಪುಟದ ದಾಖಲೆ, ಅಷ್ಟು ಅಚ್ಚುಕಟ್ಟು. ಯಾರೂ ದೊಡ್ಡದಾಗಿ ಬಳಸಲಿಲ್ಲ. ಆದರೆ ಅದೇ ಸಭ್ಯತೆ ಟಿಎಲ್‌ಎಸ್ ಒಳಗೆ ಮತ್ತೆ ಹುಟ್ಟಿ ಬಂತು. 2003ರಿಂದ ಎಸ್‌ಎನ್‌ಐ ಇದೆ: ಕ್ಲೈಂಟ್ ತನಗೆ ಯಾವ ಹೆಸರಿನ ಸರ್ವರ್ ಬೇಕೆಂದು ಮೊದಲ ಸಂದೇಶದಲ್ಲೇ ಹೇಳುತ್ತದೆ. 2014ರ ಜುಲೈನಲ್ಲಿ ಆರ್‌ಎಫ್‌ಸಿ 7301 ಎಎಲ್‌ಪಿಎನ್ ತಂದಿತು: ಯಾವ ಪ್ರೋಟೊಕಾಲ್ ಮಾತಾಡುತ್ತೇನೆ ಎಂಬುದನ್ನೂ ಹೇಳುತ್ತದೆ. ಎಚ್‌ಟಿಟಿಪಿಯ ಎರಡನೇ ಆವೃತ್ತಿ ಇಷ್ಟು ಸಲೀಸಾಗಿ ಅದೇ 443ರಲ್ಲಿ ಹಳೆಯದರ ಪಕ್ಕ ಕೂತದ್ದು ಇದರಿಂದಲೇ. ಪೋಸ್ಟ್‌ಗ್ರೆಸ್ ಕೂಡ 2024ರ 17ನೇ ಆವೃತ್ತಿಯಿಂದ ನೇರವಾಗಿ ಟಿಎಲ್‌ಎಸ್‌ನಲ್ಲೇ ಮಾತು ಶುರು ಮಾಡಬಲ್ಲದು, ಎಎಲ್‌ಪಿಎನ್‌ನಲ್ಲಿ ತನ್ನ ಹೆಸರೂ ಹೇಳುತ್ತದೆ.

ಆದ್ದರಿಂದ ನನ್ನ ಸಲಹೆ ಇದು. ಪ್ರತಿ ಸೇವೆಗೂ ಬೇರೆ ಉಪನಾಮ ಕೊಡು, ಎಲ್ಲವನ್ನೂ ಟಿಎಲ್‌ಎಸ್ ಒಳಗೆ ಹಾಕು, ಮುಂದೆ ಎಚ್‌ಎಪ್ರಾಕ್ಸಿಯನ್ನೋ ಎನ್‌ಜಿನ್‌ಎಕ್ಸನ್ನೋ ಕೂರಿಸಿ ಎಸ್‌ಎನ್‌ಐ ನೋಡಿ ಹಂಚು. ಎರಡಕ್ಕೂ ಮೊದಲ ಸಂದೇಶವನ್ನು ಬಿಚ್ಚದೆ ಇಣುಕಿ ನೋಡುವುದು ಗೊತ್ತು. ಎಸ್‌ಎಸ್‌ಎಚ್ ಒಂದಕ್ಕೇ ಆದರೆ ಎಸ್‌ಎಸ್‌ಎಲ್‌ಎಚ್ ಸಾಕು, ಅದಕ್ಕಿಂತ ಸುಲಭದ್ದು ಇನ್ನೊಂದಿಲ್ಲ. ಆದರೆ ಬೆತ್ತಲೆ ಎಸ್‌ಎಸ್‌ಎಚ್‌ನ ಆ ಮೊದಲ ಮೂರು ಅಕ್ಷರವನ್ನು ನೀನು ಓದಬಹುದಾದರೆ ಗ್ರಾಹಕರ ಫೈರ್‌ವಾಲೂ ಓದಬಹುದು. ಈಗಿನ ಫೈರ್‌ವಾಲುಗಳು ಸಂಖ್ಯೆಯನ್ನಷ್ಟೇ ನಂಬುವುದಿಲ್ಲ, ಒಳಗಿನ ಮಾತನ್ನೂ ಕೇಳುತ್ತವೆ. 443ರಲ್ಲಿ ಎಸ್‌ಎಸ್‌ಎಚ್ ಕಂಡರೆ ಕತ್ತರಿಸಿ ಹಾಕುವಂತೆ ಹೇಳಿಟ್ಟ ಕಡೆ ಎಸ್‌ಎಸ್‌ಎಲ್‌ಎಚ್ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ.

ಇಷ್ಟರವರೆಗೆ ಹೇಳಿದ್ದು ಯಾರು ಬೇಕಾದರೂ ಹೇಳುತ್ತಾರೆ. ನಿನ್ನ ದೊಡ್ಡಪ್ಪ ಹೇಳಬೇಕಾದದ್ದು ಇನ್ನು ಮುಂದಿನದು. ಮೂರು ಪೋರ್ಟ್ ಇದ್ದಾಗ ಮೂರಕ್ಕೂ ಬೇರೆ ಬೇರೆ ನಿಯಮ ಬರೆಯಬಹುದಿತ್ತು. 22ಕ್ಕೆ ಇಂಥ ಕಚೇರಿಯ ವಿಳಾಸದಿಂದ ಮಾತ್ರ ಬರಲಿ, 443ಕ್ಕೆ ಲೋಕವೆಲ್ಲ ಬರಲಿ. ಒಂದೇ ಪೋರ್ಟ್ ಮಾಡಿದ ಗಳಿಗೆಯಲ್ಲಿ ನಿನ್ನ ಸರ್ವರಿನ ಮುಂದಿನ ಫೈರ್‌ವಾಲ್ ಕುರುಡಾಯಿತು. ಅದಕ್ಕೆ ಕಾಣುವುದು 443 ಒಂದೇ, ಅದು ಲೋಕಕ್ಕೆಲ್ಲ ತೆರೆದಿರಲೇಬೇಕು. ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು ಎಂಬ ಕೆಲಸ ಮಾಯವಾಗಲಿಲ್ಲ, ನಿನ್ನ ಸರ್ವರಿನ ಒಳಕ್ಕೆ ಬಂತು. ಆ ಕೆಲಸವನ್ನು ನೀನು ಮಾಡದಿದ್ದರೆ ಬೇರೆ ಯಾರೂ ಮಾಡುವುದಿಲ್ಲ.

ಲಾಗಿನ ಕತೆ ಕೇಳು. ಎಸ್‌ಎಸ್‌ಎಲ್‌ಎಚ್ ಸಾಮಾನ್ಯ ಕ್ರಮದಲ್ಲಿ ಓಡುತ್ತಿದ್ದಾಗ ಒಳಗಿನ ಎಸ್‌ಎಸ್‌ಎಚ್ ಸೇವೆಗೆ ಹೊಸ ಸಂಪರ್ಕ ಮಾಡುವುದು ಎಸ್‌ಎಸ್‌ಎಲ್‌ಎಚ್ ತಾನೇ. ಹಾಗಾಗಿ ಲಾಗಿನಲ್ಲಿ ಯಾರೇ ಬರಲಿ, ಶೃಂಗೇರಿಯಿಂದ ಬರಲಿ, ಸೈಬೀರಿಯದಿಂದ ಬರಲಿ, ಬಂದ ವಿಳಾಸ 127.0.0.1. ಅಂದರೆ ತನ್ನ ಮನೆಯೇ. ಗುಪ್ತಪದ ಊಹಿಸಿ ಊಹಿಸಿ ಬಾಗಿಲು ಬಡಿಯುವವರನ್ನು ತಡೆಯಲು ನೀನು ಫೇಲ್‌ಟುಬ್ಯಾನ್ ಹಾಕಿರುತ್ತೀಯ. ಅದು ಲಾಗ್ ಓದುತ್ತದೆ, ಸಾವಿರ ಸಲ ತಪ್ಪಿದವನು 127.0.0.1 ಎಂದು ಕಂಡುಕೊಳ್ಳುತ್ತದೆ, ತನ್ನ ವಿಳಾಸವನ್ನು ತಾನೇ ನಿರ್ಬಂಧಿಸಬಾರದೆಂಬ ನಿಯಮ ಇರುವುದರಿಂದ ಕೈಕಟ್ಟಿ ಕೂರುತ್ತದೆ. ಸ್ಥಿತಿ ಕೇಳಿದರೆ ಚಾಲನೆಯಲ್ಲಿದೆ ಅನ್ನುತ್ತದೆ. ಚಾಲನೆಯಲ್ಲಿದೆ, ಆದರೆ ಒಬ್ಬರನ್ನೂ ತಡೆಯುತ್ತಿಲ್ಲ. ನಾನು ಕಂಡ ಒಂದೇ ಪೋರ್ಟಿನ ಏರ್ಪಾಟುಗಳಲ್ಲಿ ಹೆಚ್ಚಿನವು ಈ ಸ್ಥಿತಿಯಲ್ಲೇ ಇದ್ದವು.

ಪರಿಹಾರ ಇದೆ, ಸ್ವಲ್ಪ ಮೈಮುರಿಯಬೇಕು. ಎಸ್‌ಎಸ್‌ಎಲ್‌ಎಚ್‌ಗೆ ಪಾರದರ್ಶಕ ಕ್ರಮ ಇದೆ, ಅದರಲ್ಲಿ ಬಂದವರ ನಿಜ ವಿಳಾಸವೇ ಒಳಕ್ಕೆ ಹೋಗುತ್ತದೆ. ಆದರೆ ರೂಟಿಂಗ್ ನಿಯಮಗಳನ್ನು ಕೈಯಾರೆ ಬರೆಯಬೇಕು. ಎಚ್‌ಎಪ್ರಾಕ್ಸಿ ಪ್ರಾಕ್ಸಿ ಪ್ರೋಟೊಕಾಲ್ ಎಂಬುದನ್ನು ಬಳಸಿ ಸಂಪರ್ಕದ ತಲೆಗೆ ಮೂಲ ವಿಳಾಸದ ಚೀಟಿ ಅಂಟಿಸಿ ಕಳಿಸುತ್ತದೆ. ಎನ್‌ಜಿನ್‌ಎಕ್ಸಿಗೆ ಆ ಚೀಟಿ ಓದಲು ಬರುತ್ತದೆ, ಓಪನ್‌ಎಸ್‌ಎಸ್‌ಎಚ್‌ಗೆ ಬರುವುದಿಲ್ಲ. ಇದೆಲ್ಲ ಆಗದಿದ್ದರೆ ಎಸ್‌ಎಸ್‌ಎಲ್‌ಎಚ್ ತಾನೇ ಬರೆದಿಡುವ ಲಾಗನ್ನಾದರೂ ಜೋಪಾನ ಮಾಡು, ಅದರಲ್ಲಿ ನಿಜ ವಿಳಾಸ ಇರುತ್ತದೆ; ಎರಡೂ ಲಾಗುಗಳ ಗಡಿಯಾರ ಒಂದೇ ಇರಲಿ. ಇದು ಬರೀ ಶಿಸ್ತಿನ ಮಾತಲ್ಲ. ದೇಶದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಕಂಪನಿಗಳು 180 ದಿನದ ಲಾಗ್ ಇಟ್ಟುಕೊಂಡಿರಬೇಕು, ಅವಘಡವಾದರೆ ತಿಳಿದ 6 ಗಂಟೆಯೊಳಗೆ ವರದಿ ಮಾಡಬೇಕು, ಗಡಿಯಾರಗಳನ್ನು ಎನ್‌ಐಸಿ ಅಥವಾ ಎನ್‌ಪಿಎಲ್ ಸಮಯಕ್ಕೆ ಹೊಂದಿಸಿಕೊಂಡಿರಬೇಕು. 180 ದಿನದ ಉದ್ದಕ್ಕೂ 127.0.0.1 ಎಂದೇ ಬರೆದ ಲಾಗನ್ನು ಹಿಡಿದುಕೊಂಡು ನಿನ್ನ ಮಾಲೀಕರು ಯಾರ ಮುಂದೆ ನಿಲ್ಲುತ್ತಾರೆ?

ಗುಪ್ತಪದದ ಲಾಗಿನ್ ತೆಗೆದುಹಾಕಿ ಕೀಲಿ ಕಡತವನ್ನಷ್ಟೇ ಇಡು. 1024ಕ್ಕಿಂತ ಕೆಳಗಿನ ಪೋರ್ಟ್ ಹಿಡಿಯಲು ಯುನಿಕ್ಸಿನಲ್ಲಿ ರೂಟ್ ಅಧಿಕಾರ ಬೇಕು ಎಂಬ ನೆಪಕ್ಕೆ ಇಡೀ ತಂತ್ರಾಂಶವನ್ನು ರೂಟ್ ಆಗಿಯೇ ಓಡಲು ಬಿಡಬೇಡ. ಪೋರ್ಟ್ ಹಿಡಿದ ಮೇಲೆ ಅಧಿಕಾರ ಇಳಿಸಲಿ.

ಎಲ್ಲ ಸೇವೆಗೂ ಒಂದೇ ಸರ್ಟಿಫಿಕೇಟು ಕೊಡುವ ಸೋಮಾರಿತನವನ್ನೂ ಬಿಡು. ನಕ್ಷತ್ರ ಚಿಹ್ನೆಯ ಸರ್ಟಿಫಿಕೇಟ್ ಒಂದು ತೆಗೆದು ವೆಬ್ಬಿಗೂ ಅಂಚೆಗೂ ಎಫ್‌ಟಿಪಿಗೂ ಹಚ್ಚುವುದು ಎಲ್ಲರಿಗೂ ರೂಢಿ. 2021ರಲ್ಲಿ ಜರ್ಮನಿಯ ಬೋಖುಮ್, ಮ್ಯೂನ್‌ಸ್ಟರ್, ಪಾಡರ್‌ಬಾರ್ನ್ ವಿಶ್ವವಿದ್ಯಾಲಯಗಳ ಸಂಶೋಧಕರು ಆಲ್ಪಾಕಾ ಎಂಬ ದಾಳಿಯನ್ನು ತೋರಿಸಿದರು. ಟಿಎಲ್‌ಎಸ್ ಸರ್ವರಿನ ಹೆಸರನ್ನು ಖಾತ್ರಿ ಮಾಡುತ್ತದೆಯೇ ಹೊರತು ಅದರ ಹಿಂದೆ ಇರುವುದು ಯಾವ ಸೇವೆ ಎಂಬುದನ್ನಲ್ಲ. ನಡುವೆ ಕೂತವನು ವೆಬ್ಬಿಗೆ ಹೊರಟ ಸಂಪರ್ಕವನ್ನು ಅದೇ ಸರ್ಟಿಫಿಕೇಟಿನ ಎಫ್‌ಟಿಪಿ ಸರ್ವರಿಗೆ ತಿರುಗಿಸಿದರೆ ಬ್ರೌಸರಿಗೆ ಅನುಮಾನ ಬರುವುದಿಲ್ಲ, ಕುಕ್ಕಿ ಕೈತಪ್ಪಬಹುದು. ಅವರು ಹೇಳಿದ ಮದ್ದು, ಎಎಲ್‌ಪಿಎನ್ ಮತ್ತು ಎಸ್‌ಎನ್‌ಐ ಹೊಂದದಿದ್ದರೆ ಸಂಪರ್ಕವನ್ನು ಕಡಿದುಹಾಕುವುದು. ಗುರುತಿಲ್ಲದವರನ್ನೆಲ್ಲ ಪೂರ್ವನಿಯೋಜಿತ ಸೇವೆಗೆ ಕಳಿಸು ಎಂದು ಸಂರಚನಾ ಕಡತದ ಕೊನೆಯಲ್ಲಿ ಒಂದು ಸಾಲು ಬರೆಯುತ್ತಾರಲ್ಲ, ಆ ಸಾಲನ್ನು ನೀನು ಬರೆಯಬೇಡ. ಹೆಸರು ಹೇಳದವರು ಹೊರಗೇ ಇರಲಿ. ಮೊದಲು ಹೇಳಿದ ಒಬ್ಬ ಮೌನಿಗೂ ಈ ಕಡತದಲ್ಲಿ ಜಾಗ ಕೊಡಬೇಡ, ಅವನು ಎಸ್‌ಎಸ್‌ಎಲ್‌ಎಚ್‌ನವನು.

2014ರ ಏಪ್ರಿಲ್ 7ರಂದು ಹಾರ್ಟ್‌ಬ್ಲೀಡ್ ಹೊರಬಿದ್ದ ವಾರ ನೆನಪಾಗುತ್ತದೆ. ಓಪನ್‌ಎಸ್‌ಎಸ್‌ಎಲ್‌ನಲ್ಲಿದ್ದ ಒಂದು ತಪ್ಪಿನಿಂದ ಸರ್ವರಿನ ನೆನಪಿನ ತುಣುಕುಗಳು, ಕೆಲವೊಮ್ಮೆ ಖಾಸಗಿ ಕೀಲಿಯೂ, ಕೇಳಿದವರಿಗೆ ಸಿಕ್ಕುತ್ತಿದ್ದವು. ಎಲ್ಲವನ್ನೂ ಒಂದೇ ಟಿಎಲ್‌ಎಸ್ ಮುಂಬಾಗಿಲಿನ ಹಿಂದೆ ಇಟ್ಟಿದ್ದವರಿಗೆ ಒಂದೇ ರಾತ್ರಿ ಎಲ್ಲ ಬೀಗ ಬದಲಿಸುವ ಪ್ರಾರಬ್ಧ. ಬಿಚ್ಚದೆ ಹಂಚುವ ವಿಧಾನವನ್ನು ನಾನು ಇಷ್ಟಪಡುವುದು ಇದಕ್ಕೇ. ಮುಂದೆ ಕೂತವನ ಹತ್ತಿರ ಕೀಲಿ ಇಲ್ಲದಿದ್ದರೆ ಕಳೆದುಕೊಳ್ಳುವುದಕ್ಕೂ ಇಲ್ಲ.

ಇನ್ನು ಕಿಗ್ಗದ ಮಳೆಗಾಲ. ನಿನ್ನ ಪ್ರಶ್ನೆಯಲ್ಲಿ ವಿಪಿಎನ್ ಕೂಡ ಇದೆಯಲ್ಲ, ಅದರ ಬಗ್ಗೆ ನನಗಿರುವ ಅಸಮಾಧಾನ ಎಲ್ಲಕ್ಕಿಂತ ದೊಡ್ಡದು. ಪುನರ್ವಸು, ಪುಷ್ಯ ಮಳೆಯಲ್ಲಿ ಕಂಬದಿಂದ ಕಂಬಕ್ಕೆ ಎಳೆದ ಫೈಬರಿನ ಮೇಲೆ ಕೊಂಬೆ ಬೀಳುತ್ತದೆ. ಪೂರ್ತಿ ತುಂಡಾದರೆ ಒಂದು ಲೆಕ್ಕ, ಲೈನ್‌ಮನ್‌ಗೆ ಫೋನು ಮಾಡಿ ಬಟ್ಟೆ ಒಣಗಿಸುತ್ತ ಕೂರಬಹುದು. ಅರ್ಧ ಬಗ್ಗಿದ ಫೈಬರಿನಲ್ಲೋ, ಅದು ಹೋದಾಗ ಹಿಡಿಯುವ ಮೊಬೈಲ್ ಸಿಗ್ನಲ್ಲಿನಲ್ಲೋ ಪ್ಯಾಕೆಟುಗಳು ಅಲ್ಲೊಂದು ಇಲ್ಲೊಂದು ಉದುರುತ್ತವೆ. 443ರ ಟಿಸಿಪಿ ಒಳಗೆ ಓಪನ್‌ವಿಪಿಎನ್ ಹಾಕಿದ್ದರೆ, ಅದರೊಳಗೆ ನಿನ್ನ ಕೆಲಸದ್ದು ಇನ್ನೊಂದು ಟಿಸಿಪಿ ಓಡುತ್ತಿರುತ್ತದೆ. ಒಂದು ಪ್ಯಾಕೆಟ್ ಉದುರಿದರೆ ಹೊರಗಿನ ಟಿಸಿಪಿ ಅದನ್ನು ಮತ್ತೆ ಕಳಿಸಲು ಹೊರಡುತ್ತದೆ. ಉತ್ತರ ತಡವಾದದ್ದನ್ನು ಕಂಡು ಒಳಗಿನ ಟಿಸಿಪಿಯೂ ತನ್ನದು ಕಳೆದುಹೋಯಿತೆಂದುಕೊಂಡು ಮತ್ತೆ ಕಳಿಸುತ್ತದೆ. ಮೊದಲೇ ಸೊರಗಿದ ಲೈನಿನ ಮೇಲೆ ಎರಡೆರಡು ಪ್ರತಿ. ಸಾಲು ಬೆಳೆಯುತ್ತದೆ, ಇನ್ನೂ ತಡವಾಗುತ್ತದೆ, ಇನ್ನೂ ಪ್ರತಿಗಳು ಹುಟ್ಟುತ್ತವೆ. ನೀನು ಸ್ಪೀಡ್ ಟೆಸ್ಟ್ ಮಾಡಿದರೆ ಪರವಾಗಿಲ್ಲ ಅನ್ನಿಸುವಷ್ಟು ಬರುತ್ತದೆ, ವಿಪಿಎನ್ ಒಳಗೆ ಮಾತ್ರ ಒಂದು ಅಕ್ಷರ ಒತ್ತಿದರೆ ಕಾಫಿ ಕುಡಿದು ಬಂದ ಮೇಲೆ ಮೂಡುತ್ತದೆ. ದೋಷ ಮಳೆಯದ್ದಲ್ಲ, ಟಿಸಿಪಿ ಮೇಲೆ ಟಿಸಿಪಿ ಹೇರಿದ್ದರದ್ದು.

ಯುಡಿಪಿ 443 ತೆರೆದಿದೆಯೇ ಎಂದು ಮೊದಲು ಕೇಳು. ಟಿಸಿಪಿ 443, ಯುಡಿಪಿ 443 ಎರಡೂ ಬೇರೆ. 2021ರ ಮೇ ತಿಂಗಳಲ್ಲಿ ಆರ್‌ಎಫ್‌ಸಿ 9000 ಆಗಿ ಹೊರಬಂದ ಕ್ವಿಕ್ ಓಡುವುದು ಯುಡಿಪಿ ಮೇಲೆ, ಅದರ ದೆಸೆಯಿಂದ ಕೆಲವು ಕಡೆ ಆ ಬಾಗಿಲೂ ತೆರೆದಿರುತ್ತದೆ. ತೆರೆದಿದ್ದರೆ ವೈರ್‌ಗಾರ್ಡ್ ಅಲ್ಲಿ ಕೂರಿಸು, ಅದು ಯುಡಿಪಿ ಬಿಟ್ಟು ಬೇರೆ ಮಾತಾಡುವುದಿಲ್ಲ. ಮುಚ್ಚಿದ್ದರೆ ವಿಪಿಎನ್ ಆಸೆ ಬಿಟ್ಟು ಎಸ್‌ಎಸ್‌ಎಚ್‌ನ ಪೋರ್ಟ್ ಫಾರ್ವರ್ಡಿಂಗ್ ಬಳಸು. ಅದೂ ಟಿಸಿಪಿಯೇ, ಆದರೆ ಒಳಗಿನ ಟಿಸಿಪಿಯನ್ನು ಈ ತುದಿಯಲ್ಲೇ ಮುಗಿಸಿ ಬರೀ ಮಾಹಿತಿಯನ್ನು ಸಾಗಿಸುತ್ತದೆ, ಎರಡು ಟಿಸಿಪಿಗಳ ಜಗಳ ಅಲ್ಲಿಲ್ಲ. ಸರ್ವರಿನಲ್ಲಿ ಟಿಮಕ್ಸ್ ತೆರೆದಿಟ್ಟು ಅದರೊಳಗೆ ಕೆಲಸ ಮಾಡು; ಕರೆಂಟು ಹೋದರೂ ಅರ್ಧ ಓಡಿದ ಕೆಲಸ ಆ ತುದಿಯಲ್ಲಿ ಓಡುತ್ತಿರುತ್ತದೆ. ಗುಡುಗು ಶುರುವಾದರೆ ಓಎನ್‌ಟಿ ಪೆಟ್ಟಿಗೆಯ ಪ್ಲಗ್ ಕೀಳಲು ಮರೆಯಬೇಡ. ಫೈಬರ್ ಗಾಜಿನದ್ದು, ಸಿಡಿಲು ಗಾಜಿನಲ್ಲಿ ಬರುವುದಿಲ್ಲ. ಕರೆಂಟಿನ ಅಡಾಪ್ಟರಿನಲ್ಲಿ ಬರುತ್ತದೆ.

ಬಾಗಿಲನ್ನು ಮನೆಯ ರೂಟರಿನಲ್ಲೇ ತೆರೆಯುತ್ತೇನೆ ಎಂದೆಯಲ್ಲ, ಅದಾಗುವುದು ಕಷ್ಟ. ರೂಟರಿನ ಪುಟ ತೆರೆದು ಹೊರಗಿನ ವಿಳಾಸ ನೋಡು. 100.64ರಿಂದ 100.127ರ ನಡುವೆ ಶುರುವಾಗಿದ್ದರೆ ಅದು ನಿನ್ನೊಬ್ಬಳ ವಿಳಾಸವಲ್ಲ. ಐಪಿವಿ4 ವಿಳಾಸಗಳು ಸಾಲದೆ ಸೇವೆ ಕೊಡುವವರು ಒಂದೇ ವಿಳಾಸವನ್ನು ಬಹಳ ಮನೆಗಳಿಗೆ ಹಂಚುತ್ತಾರೆ; ಆ ಅಂಕಿಗಳನ್ನು 2012ರಲ್ಲಿ ಅದಕ್ಕೆಂದೇ ಎತ್ತಿಟ್ಟದ್ದು. ಹೊರಗಿನವರು ಅದಕ್ಕೆ ಸಂಪರ್ಕ ಮಾಡಲಾರರು. ಬೆಂಗಳೂರಿನಲ್ಲೋ ಮುಂಬೈನಲ್ಲೋ ಸಣ್ಣ ಬಾಡಿಗೆ ಸರ್ವರ್ ಹಿಡಿದು ಬಾಗಿಲು ಅಲ್ಲಿ ಇಡು, ಮನೆಯಿಂದ ನೀನೂ ಅದಕ್ಕೇ ಹೋಗು.

ಇನ್ನು ಒಂದೇ ಮಾತು, ಇದನ್ನು ಬರೆಯುವುದಕ್ಕೇ ಕೂತದ್ದು. ನಿನ್ನ ಸರ್ವರಿನ 443ರಲ್ಲಿ ಏನು ಕೂರಿಸುತ್ತೀಯ ಎಂಬುದು ನಿನ್ನ ಹಕ್ಕು. ಗ್ರಾಹಕರ ಕಟ್ಟಡದ ಒಳಗಿಂದ ಅವರ ಫೈರ್‌ವಾಲ್ ದಾಟಿ ಅದಕ್ಕೆ ಬರುವುದು ನಿನ್ನ ಹಕ್ಕಲ್ಲ. ಅವರು 22ನ್ನು ಮುಚ್ಚಿದ್ದು ಮರೆತು ಅಲ್ಲ, ಬೇಡವೆಂದು. 443ರಲ್ಲಿ ವೇಷ ಹಾಕಿ ಹೋಗಲು ಬರುತ್ತದೆ ಎಂಬುದು ಅನುಮತಿ ಆಗುವುದಿಲ್ಲ. ನಾನು ಕೆಲಸ ಮಾಡಿದ ಒಂದು ಕಡೆ ಬುದ್ಧಿವಂತ ಹುಡುಗನೊಬ್ಬ ಕಚೇರಿಯ ಯಂತ್ರದಿಂದ ತನ್ನ ಮನೆಯ ಸರ್ವರಿಗೆ 443ರಲ್ಲಿ ಹಿಮ್ಮುಖ ಸುರಂಗ ಹಾಕಿದ್ದ, ರಾತ್ರಿ ಮನೆಯಿಂದ ಕೆಲಸ ಮಾಡಲು. ಕೆಟ್ಟ ಉದ್ದೇಶ ಎಳ್ಳಷ್ಟೂ ಇರಲಿಲ್ಲ. ಸಂಪರ್ಕ ಕಡಿದರೆ ತಾನೇ ಮತ್ತೆ ಹೋಗಿ ಸೇರಿಕೊಳ್ಳುವಂತೆ ಬರೆದಿದ್ದ. ಅವನು ಕೆಲಸ ಬಿಟ್ಟು ಹೋದ. ಅವನ ಖಾತೆ ಮುಚ್ಚಿದರು, ಗುರುತಿನ ಚೀಟಿ ವಾಪಸು ತಗೊಂಡರು. ಸುರಂಗ ಮಾತ್ರ ತನ್ನ ಪಾಡಿಗೆ ಓಡುತ್ತಲೇ ಇತ್ತು, ಆ ಯಂತ್ರವನ್ನು ಗುಜರಿಗೆ ಹಾಕಲು ಬಿಚ್ಚುವವರೆಗೆ. ಫೈರ್‌ವಾಲ್ ಲಾಗಿನಲ್ಲಿ ಅದು ಪ್ರತಿದಿನವೂ ಯಾರೋ ಒಬ್ಬರು ವೆಬ್ ನೋಡುತ್ತಿರುವಂತೆ ಕಾಣುತ್ತಿತ್ತು.

ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43ನೇ ಕಲಮು ಯಜಮಾನರ ಅನುಮತಿಯಿಲ್ಲದೆ ಕಂಪ್ಯೂಟರ್ ಜಾಲವನ್ನು ಬಳಸುವವರ ಬಗ್ಗೆ ಹೇಳುತ್ತದೆ. ಅದನ್ನೇ ಅಪ್ರಾಮಾಣಿಕವಾಗಿಯೋ ಮೋಸದಿಂದಲೋ ಮಾಡಿದರೆ 66ನೇ ಕಲಮಿನಲ್ಲಿ ಮೂರು ವರ್ಷದವರೆಗೆ ಸೆರೆ, ಐದು ಲಕ್ಷದವರೆಗೆ ದಂಡ, ಅಥವಾ ಎರಡೂ. ನಿನ್ನನ್ನು ಹೆದರಿಸಲು ಬರೆಯುತ್ತಿಲ್ಲ. ನಿನ್ನ ಪ್ರಾಮಾಣಿಕತೆ ನನಗೆ ಗೊತ್ತು, ಫೈರ್‌ವಾಲ್ ಲಾಗಿಗೆ ಗೊತ್ತಿಲ್ಲ. ಲಿಖಿತ ಒಪ್ಪಿಗೆ ಒಂದಿದ್ದರೆ ಇದೇ ಏರ್ಪಾಟು ಒಳ್ಳೆಯ ಎಂಜಿನಿಯರಿಂಗ್, ಅದಿಲ್ಲದಿದ್ದರೆ ಇದೇ ಏರ್ಪಾಟು ನುಸುಳುವಿಕೆ. ಎರಡರ ಸಂರಚನಾ ಕಡತದಲ್ಲಿ ಒಂದು ಅಕ್ಷರವೂ ವ್ಯತ್ಯಾಸ ಇರುವುದಿಲ್ಲ.

ನಾಳೆ ಬೆಳಿಗ್ಗೆ ಅವರ ನೆಟ್‌ವರ್ಕ್ ವಿಭಾಗಕ್ಕೆ ಒಂದು ಮೇಲ್ ಕಳಿಸು. ಯಾವ ಯಂತ್ರದಿಂದ ಯಾವ ಸರ್ವರಿಗೆ, ಯಾವ ಪ್ರೋಟೊಕಾಲ್, ಯಾವ ತಾರೀಖಿನವರೆಗೆ ಎಂದು ನಾಲ್ಕು ಸಾಲಿನಲ್ಲಿ ಬರೆ. ತಾರೀಖು ಮುಗಿದ ಮೇಲೆ ನೀನೇ ಮುಚ್ಚುವೆ ಎಂದೂ ಬರೆ. ಅರ್ಧಕ್ಕರ್ಧ ಸಲ ಅವರೇ ನಿನ್ನ ಸರ್ವರಿನ ವಿಳಾಸಕ್ಕೆ ಮಾತ್ರ 22 ತೆರೆದುಕೊಡುತ್ತಾರೆ, ಆಗ ಈ ಸರ್ಕಸ್ಸೇ ಬೇಕಾಗುವುದಿಲ್ಲ. ಒಪ್ಪಿಗೆಯ ಉತ್ತರ ಬಂದ ಮೇಲೆ ಬಾಡಿಗೆ ಸರ್ವರ್ ಹಿಡಿ. ಬಾರದಿದ್ದರೆ ಹಿಡಿಯಬೇಡ.

ನಿನ್ನ ದೊಡ್ಡಪ್ಪ